ನಿಂತ ಪೆನ್ನು

ಎನ್ನೆಸ್ಸೆಸ್ ಪುಸ್ತಕದಲ್ಲಿ ಮೂರು ಗಂಟೆ ಕಡಿಮೆ ಬಿದ್ದಿತ್ತು,
ಅದಕ್ಕೇ ಹೋದೆ, ಸುಳ್ಳೇಕೆ.
ಸಹ್ಯಾದ್ರಿ ಕಾಲೇಜಿನ ಕೊನೆಯ ಕೋಣೆ,
ಎರಡು ಕುರ್ಚಿ, ಒಂದು ಮೇಜು,
ರಿಪ್ಪನ್‌ಪೇಟೆಯ ಚೌಡೇಶ.
ಕಣ್ಣು ಅವನಿಗಿಲ್ಲ, ಇವತ್ತಿನ ಮಟ್ಟಿಗೆ
ಬಾಯಿ ನನಗಿಲ್ಲ.

ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ.
ಅಲ್ಪವಿರಾಮಕ್ಕೆ ಬೆರಳಿಂದ ಮೇಜು ಕುಟ್ಟುತ್ತಾನೆ,
ಪ್ಯಾರಾ ಮುಗಿದರೆ ಎರಡು ಸಲ.
ಏಳನೇ ಪ್ರಶ್ನೆ.
"ಶರಾವತಿ ಪೂರ್ವಕ್ಕೆ ಹರಿದು..." ಅಂದ.

ನಾನು ತಾಳಗುಪ್ಪದವಳು.
ಆ ಹೊಳೆ ಯಾವ ಕಡೆ ಹೋಗುತ್ತದೆಂದು
ನಮ್ಮನೆ ಎಮ್ಮೆಗೂ ಗೊತ್ತು.
ಪೆನ್ನು ನಿಂತಿತು.
ಮೇಲ್ವಿಚಾರಕಿ ತಲೆಯೆತ್ತಿದರು. ಫ್ಯಾನು ತಿರುಗಿತು.
ಅವನ ಬೆರಳೂ ಗಾಳಿಯಲ್ಲೇ ನಿಂತಿತ್ತು.
ಆಮೇಲೆ ಬರೆದೆ: ಪೂರ್ವಕ್ಕೆ.
ಘಟ್ಟ ಇಳಿಯಬೇಕಾದ ನೀರನ್ನೆಲ್ಲ
ನನ್ನ ಕೈಯಾರೆ ಹಿಂದಕ್ಕೆ ಹತ್ತಿಸಿದೆ.

ಕ್ಯಾಂಟೀನಿನಲ್ಲಿ ಚಹಾಕ್ಕೆ ದುಡ್ಡು ಅವನೇ ಕೊಟ್ಟ,
ನೋಟಿನ ಅಂಚು ಸವರಿ ನೋಡಿ.
"ಪಶ್ಚಿಮಕ್ಕೆ, ಅಲ್ವಾ? ನಿನ್ನ ಪೆನ್ನು ನಿಂತಾಗಲೇ ಗೊತ್ತಾಯ್ತು."
ಮತ್ತೆ ಯಾಕೆ ತಿದ್ದಲಿಲ್ಲ ಮಾರಾಯ?
"ತಿದ್ದಿದ್ರೆ ಆ ಎರಡು ಮಾರ್ಕು ನಿಂದಾಗ್ತಿತ್ತು."

ಗಂಟೆಯ ಪುಸ್ತಕ ಚೀಲದಲ್ಲೇ ಉಳಿಯಿತು,
ಸಹಿಯ ನೆನಪಾದದ್ದು ಬಸ್ಸು ಗಾಡಿಕೊಪ್ಪ ದಾಟಿದ ಮೇಲೆ.

ಹೊರಡುವಾಗ ಕೇಳಿದ್ದ: "ಸೋಮವಾರ ಅರ್ಥಶಾಸ್ತ್ರ, ಬರ್ತೀಯಾ?"
ಅದರ ತಲೆಬುಡ ನನಗೆ ಗೊತ್ತಿಲ್ಲ ಅಂದೆ.
"ಹಾಗಾದ್ರೆ ಒಳ್ಳೇದೇ ಆಯ್ತು," ಅಂದ,
ಕೋಲು ಬಿಚ್ಚುತ್ತ.