ಬೆನ್ನು ಮೇಲೆ, ಮುಖ ಎಡಕ್ಕೆ

ಕೆಯೋನ್ ಬಂದರಿನ ಎಲೆಯುತೇರಿಯೋ ನಾವೆಲ್ಕೆನ್
ಕಂಪ್ರೆಸರಿನ ಹಳದಿ ಕೊಳವೆ ಹಲ್ಲಿಗೆ ಕಚ್ಚಿ
ಹದಿನೆಂಟು ಮೀಟರು ಇಳಿದು
ಬಲೆಚೀಲದ ತುಂಬ ಮುಳ್ಳುಚೆಂಡು ತಂದ.
ಆ ಮುಳ್ಳುಗಳ ಸಂದಿಯಲ್ಲಿ ನೀನು,
ಜೀರಿಗೆ ಕಾಳಿನಷ್ಟು ಉದ್ದ,
ಒದ್ದೆ ಗಾಜಿನ ಬಣ್ಣ.
ಸೀಗಡಿಯ ದೂರದ ದಾಯಾದಿ ಎನ್ನಬಹುದು,
ಸೀಗಡಿ ಒಪ್ಪಿದರೆ.

ಕಣ್ಣಿಗೆ ಬಿದ್ದದ್ದು ನನ್ನ ಜಾಣತನದಿಂದಲ್ಲ.
ಸ್ಪಿರಿಟ್ಟಿನಲ್ಲಿ ಬಿಳುಚಿ, ಶೀಷೆಯ ತಳದಲ್ಲಿ
ಮಡಚಿಕೊಂಡು ಬಿದ್ದಿದ್ದೆ.
ನಾನು ಹುಡುಕುತ್ತಿದ್ದದ್ದು ಬೇರೇನೋ.

ನಿನ್ನ ಕುಲದಲ್ಲಿ ಒಬ್ಬನಿಗೆ ಮೊದಲೇ ಹೆಸರಿದೆ.
ನೂರು ಚಿಲ್ಲರೆ ವರ್ಷದ ಹಿಂದೆ
ಹಡಗಿನಲ್ಲಿ ಬಂದ ಜರ್ಮನ್ ಒಬ್ಬ ಬರೆದಿಟ್ಟ:
ಕಣ್ಣು ದುಂಡು, ಹಿಡಿಗಾಲಿನ ಅಂಗೈ ಅಂಚಿಗೆ ಏಳು ರೋಮ.
ನಿನ್ನ ಕಣ್ಣು ಹುರುಳಿ ಆಕಾರ. ರೋಮ ಎಂಟು.
ಆತ ಹಿಡಿದ ಮಾದರಿಯನ್ನೇ ನೋಡೋಣವೆಂದರೆ
ಅದಿದ್ದ ಮ್ಯೂಸಿಯಂ ಯುದ್ಧದ ಒಂದು ರಾತ್ರಿ ಸುಟ್ಟಿತು.
(ಅಷ್ಟೊಂದು ಸ್ಪಿರಿಟ್ಟು! ಹೇಗೆ ಉರಿದಿರಬೇಕು.)
ಉಳಿದದ್ದು ಒಂದೇ ಚಿತ್ರ.
ಎಂಟನೆಯದು ಅಲ್ಲಿ ಇರಲೇ ಇಲ್ಲವೋ,
ಸಂಜೆಯಾಗಿತ್ತೋ, ಹಡಗು ಹೊರಳಿತೋ,
ನಿಬ್ಬಿನಲ್ಲಿ ಶಾಯಿ ತೀರಿತೋ?
ಸತ್ತವನ ಗೆರೆಯೆದುರು
ಎಂಟು ತಿಂಗಳು ವಕಾಲತ್ತು ನಡೆಸಿದೆ
ಒಂದು ಕೂದಲಿಗಾಗಿ.
ಹದಿನಾಲ್ಕು ಮಾದರಿ ಎಣಿಸಿದೆ. ಹದಿಮೂರಕ್ಕೆ ಎಂಟು.
ಒಂದಕ್ಕೆ ಒಂಬತ್ತು.
ಅದನ್ನೂ ಬರೆದೆ, ಏನು ಮಾಡಲಿ.

ಎಣಿಸಿದರೆ ಸಾಲದು, ಬಿಚ್ಚಬೇಕು.
ಟಂಗ್‌ಸ್ಟನ್ ಸೂಜಿ, ಗ್ಲಿಸರಿನ್ ಹನಿ.
ಮೊದಲು ಮೀಸೆ, ಆಮೇಲೆ ದವಡೆ,
ಬಲಗಡೆಯ ಕಾಲು ಏಳೂ ಸಾಲಾಗಿ,
ಕೊನೆಗೆ ಬಾಲದ ಸೀಳು.
ಎಡಭಾಗ ಮುಟ್ಟುವಂತಿಲ್ಲ: ಅದು ನಾಳೆ ಬಂದು
ನನ್ನನ್ನು ಸುಳ್ಳೆನ್ನುವವರಿಗೆ ಮೀಸಲು.
ಶೀಷೆಯೊಳಗಿನ ಚೀಟಿ ಪೆನ್ಸಿಲಿನಲ್ಲೇ, ಶಾಯಿ ಕರಗುತ್ತದೆ:
ಊರು, ಆಳ, ತಾರೀಖು, ಹಿಡಿದವನ ಹೆಸರು.
ಇನ್ನೊಬ್ಬಳ ಹೊಟ್ಟೆಚೀಲದಲ್ಲಿ ಮೊಟ್ಟೆಗಳಿದ್ದವು.
'ಮೊಟ್ಟೆ ಹನ್ನೊಂದು' ಎಂದು ಬರೆದುಕೊಂಡೆ.
ಆ ದಿನ ಮತ್ತೇನೂ ಬರೆಯಲಿಲ್ಲ.

ನಿನಗೆ ನನ್ನ ಮೇಷ್ಟರ ಹೆಸರೆಂದು
ಮನಸ್ಸಿನಲ್ಲೇ ನಿಶ್ಚಯವಾಗಿತ್ತು.
ಅಷ್ಟರಲ್ಲಿ ಬಂದರಿನ ಶೆಡ್ಡಿನಲ್ಲಿ,
ಚಮಚೆಯಿಂದ ಮುಳ್ಳುಚೆಂಡಿನ ಹಳದಿ ನಾಲಗೆ ಎತ್ತಿ
ಟ್ರೇಗೆ ಜೋಡಿಸುತ್ತಿದ್ದ ಓರ್ಫೆಲಿನಾ ಚಿಗುವಾಯ್ ನಕ್ಕಳು:
"ಇದಾ ಹೊಸದು?
ಮೂವತ್ತು ವರ್ಷದಿಂದ ನಲ್ಲಿ ಕೆಳಗೆ ತೊಳೆದು ಹಾಕ್ತಿದೀನಿ.
ನಮ್ಮಮ್ಮನೂ ತೊಳೀತಿದ್ದಳು.
ಅಹಿಹಾದೋ ಅಂತೀವಿ, ಸಾಕುಮಗ.
ಕರೀದೆ ಬಂದು ಮಡಿಲು ಹಿಡೀತದಲ್ಲ, ಅದಕ್ಕೆ."

ದಿನಕ್ಕೆ ಎಷ್ಟು ಬುಟ್ಟಿ, ಶೆಡ್ಡಿನಲ್ಲಿ ಎಷ್ಟು ನಲ್ಲಿ,
ಮೂವತ್ತು ವರ್ಷ, ಅವಳಮ್ಮನ ವರ್ಷಗಳು ಬೇರೆ...
ಲೆಕ್ಕ ಅಲ್ಲಿಗೇ ಬಿಟ್ಟೆ.
ಹೇಳಹೆಸರಿಲ್ಲದೆ ಹರಿದುಹೋದವು ಎಂದುಕೊಂಡಿದ್ದೆ.
ಹೆಸರಿತ್ತು. ನಾನು ಕೇಳಿರಲಿಲ್ಲ.
ಮೇಷ್ಟರಿಗೆ ಕ್ಷಮೆ ಬೇಡಿ
ಫಿಲಿಯೋಲಸ್ ಎಂದು ಬರೆದೆ. ಅದೇ ಸಾಕುಮಗ,
ಲ್ಯಾಟಿನ್ ಕೋಟು ತೊಡಿಸಿದ್ದು;
ತೋಳು ತುಸು ಉದ್ದ.

ಚಿತ್ರ ಮುಗಿದ ವಾರ ಎಲೆಯುತೇರಿಯೋಗೆ ತೋರಿಸಿದೆ.
ಶಾಯಿಯಲ್ಲಿ ಮೊಳದುದ್ದ ಬೆಳೆದ ನೀನು,
ಬೆನ್ನು ಮೇಲೆ, ಮುಖ ಎಡಕ್ಕೆ;
ನಾವು ಕಲಿತ ಶಿಸ್ತು ಹಾಗೆ.
ಒದ್ದೆ ಕೈ ಪ್ಯಾಂಟಿಗೆ ಒರೆಸಿಕೊಂಡು
ಬಹಳ ಹೊತ್ತು ನೋಡಿದ. ರೋಮ ಎಣಿಸಿದನೇನೋ.
ಆಮೇಲೆ ಹಾಳೆಯನ್ನು ಮೆಲ್ಲಗೆ
ತಲೆಕೆಳಗು ತಿರುಗಿಸಿದ.
"ಹೀಗೆ ತೂಗಾಡ್ತಿರ್ತದೆ," ಅಂದ,
"ಮುಳ್ಳು ವಾಲಿದ ಕಡೆ ಇದೂ ವಾಲ್ತದೆ.
ಮುಳ್ಳೆಲ್ಲಿ?"

ಅವನಿಗೆ ಕೊಟ್ಟ ಪ್ರತಿ ಅವನ ಅಡುಗೆಮನೆಯಲ್ಲಿ
ಸೌದೆ ಒಲೆಯ ಮೇಲುಗಡೆ ತಲೆಕೆಳಗಾಗಿಯೇ ಇದೆ,
ಹೊಗೆಗೆ ಅಂಚು ಕಂದಾಗಿದೆ.
ಪತ್ರಿಕೆಗೆ ಕಳಿಸಿದ್ದು ಮಾತ್ರ
ಬೆನ್ನು ಮೇಲೆ, ಮುಖ ಎಡಕ್ಕೆ.