ಎರಡೂವರೆ ಕೇಜಿ

ವಿರಾಜಪೇಟೆಯ ಮದುವೆ ಹಾಲಿನಲ್ಲಿ
ನಿನ್ನೆಯ ಸೇವಂತಿಗೆ ಇನ್ನೂ ಕಂಬಕ್ಕಿತ್ತು.
ಮದುಮಕ್ಕಳು ಕೂತೆದ್ದ ಜಾಗದಲ್ಲಿ
ಕೆಂಪು ನೀಲಿ ರಬ್ಬರ್ ಚಾಪೆ,
ಒಂದರ ಹಲ್ಲು ಇನ್ನೊಂದಕ್ಕೆ ಕಚ್ಚಿಸಿ ಹಾಸಿದ್ದರು.

ನಾನು ತೋಟದ ಪಿಕಪ್ ಓಡಿಸುವವನು.
ಭಾನುವಾರ ಗಾಡಿ ಖಾಲಿ ತಾನೆ, ಬಾ ಅಂದಿದ್ದರು
ಮಾಸ್ಟರ್ ಜೋಯಪ್ಪ.
ಮಕ್ಕಳು ಐದು, ಹೆಡ್‌ಗಾರ್ಡ್ ಎರಡು.
ಒಬ್ಬನ ಬೆವರು ಆರುವ ಮೊದಲೇ ಇನ್ನೊಬ್ಬನ ಹಣೆಗೆ.
ಹಲ್ಲಿನ ಗಾರ್ಡನ್ನು ಕ್ಯಾಂಟೀನಿನ ಕುದಿನೀರಲ್ಲಿ ಅದ್ದಿ
ಕಚ್ಚು ಕಚ್ಚು ಅನ್ನುತ್ತಿದ್ದರು ಮಾಸ್ಟರು.
ಟೀ ವಾಸನೆ ಸಾರ್, ಅಂದ ಸಫ್ವಾನ್.
ಸಕ್ಕರೆ ಬೇಕಿತ್ತೇನೋ?

ಬಾಗಿಲಲ್ಲೇ ತೂಕ.
ರಜಿತ ಚಪ್ಪಲಿ ಬಿಟ್ಟು, ಬಳೆ ತೆಗೆದು
ಗಾಜಿನ ಹಲಗೆ ಹತ್ತಿದಳು.
ನಲವತ್ತನಾಲ್ಕು.
ಇಳಿದು ಹತ್ತಿದಳು. ಉಸಿರೆಲ್ಲ ಹೊರಗೆ ಬಿಟ್ಟು ಹತ್ತಿದಳು.
ನಲವತ್ತನಾಲ್ಕೇ.
"ನಿನ್ನೆ ಸಂಜೆ ನಲವತ್ತೊಂದೂವರೆ ಇದ್ದೆ ಸಾರ್!"
ಎಲ್ಲಿ ನೋಡಿದೆ?
"ತೋಟದಲ್ಲಿ. ಹಣ್ಣು ತೂಗೋ ಕಾಟಾದಲ್ಲಿ."

ಯಾರೋ ನಕ್ಕರು. ಜೋಯಪ್ಪ ನಗಲಿಲ್ಲ.
ನಾನು ಟಯರ್ ನೋಡಲು ಹೊರಗೆ ಹೋದೆ.

ನಲವತ್ತೆರಡರ ಒಳಗೆ ಮೂವರು ಹುಡುಗಿಯರಿದ್ದರು,
ಹುಣಸೂರಿನವಳೊಬ್ಬಳು ಗಾಳಿಗೇ ಒದೆಯುತ್ತ ಕಾಯುತ್ತಿದ್ದಳು.
ನಲವತ್ತಾರರ ಒಳಗೆ ಯಾರೂ ಇರಲಿಲ್ಲ.

ಸಫ್ವಾನ್ ಮೊದಲ ಸುತ್ತಿಗೇ ಸೋತು
ಮೂಗಿಗೆ ಹತ್ತಿ ತುರುಕಿಕೊಂಡು ಎರಡು ಮೊಟ್ಟೆ ಪಫ್ಸ್ ತಿಂದ.
ನಾಚಪ್ಪ ಗಿರ್ರನೆ ತಿರುಗಿ ಒದ್ದ ಕಾಲು
ಎದುರಿನವನಿಗೆ ತಾಗಿತು, ಅವನಿಗಿಂತ ಹೆಚ್ಚು
ನಾಚಪ್ಪನೇ ಬೆಚ್ಚಿದ.
ಜೋರಾಗಿ ಹೊಡೆದೆ ಅಂತ ಬಿಕಾಶನನ್ನು ಹೊರಗೆ ಹಾಕಿದರು.
"ಮೆತ್ತಗೆ ಹೊಡಿಯೋದು ಯಾರೂ ಹೇಳಿಕೊಡಲಿಲ್ಲ"
ಅಂದ ಅಸ್ಸಾಮಿನ ಹುಡುಗ, ನಮ್ಮ ಕನ್ನಡದಲ್ಲೇ.

ಮೈಕಿನಲ್ಲಿ ರಜಿತಳ ಹೆಸರು.
ಕೆಂಪು ಮೂಲೆಯಲ್ಲಿ ನಿಂತಳು.
ನೀಲಿ ಮೂಲೆಯ ಕುರ್ಚಿಗೆ ತಲೆ ಬಾಗಿದಳು.
ರೆಫರಿ ಅವಳ ಕೈ ಎತ್ತಿದ.
ಚಪ್ಪಾಳೆ, ಚಿನ್ನದ ಬಣ್ಣದ ಪದಕ, ಫೋಟೋ.

ಅಮ್ಮತ್ತಿ ದಾಟಿದ ಮೇಲೆ
ಹಿಂದಿನ ಕಿಂಡಿಯಿಂದ ಅವಳ ದನಿ:
ಅಣ್ಣಾ, ಅಮ್ಮನ ಚೀಲ ಗಾಡಿಗೆ ಹೊರೋದು ನೀವೇ ಅಲ್ವಾ?
ಗೇರು ಸರಿಯಾಗಿ ಬೀಳದವನ ಹಾಗೆ ನಟಿಸಿದೆ.
ಹೊತ್ತ ಬೆನ್ನಿಗೆ ಗೊತ್ತಾಗಲ್ವಾ ಅಣ್ಣಾ?

ಬೆನ್ನಿಗೆ ಗೊತ್ತಿತ್ತು.
ಏಳು ಕೊಯ್ಲಿನಿಂದ ಗೊತ್ತಿತ್ತು.
ಬೆನ್ನು ಬಾಯಿಗೆ ಹೇಳಿರಲಿಲ್ಲ.

"ಗಾಡಿ ನಿಲ್ಸಿ. ನಾನಿನ್ನೂ ಆಡಿಲ್ಲ."

ತೋಟದ ಕಣ. ಟಾರ್ಪಾಲಿನ ಕೆಳಗೆ ರಾಶಿ ರಾಶಿ ಕಾಫಿ,
ಹುಳಿ ಹುಳಿ ವಾಸನೆ, ಒಂದೇ ಒಂದು ಹ್ಯಾಲೊಜನ್.
ಜೋಯಪ್ಪ ಏನೂ ಹೇಳದೆ
ಪ್ಯಾಡುಗಳನ್ನು ನನ್ನ ಕೈಗೆ ತೊಡಿಸಿದರು.
ಎರಡು ನಿಮಿಷ, ಮೂರು ಸುತ್ತು,
ವಾಚ್‌ಮನ್ನನ ಟಾರ್ಚೇ ಗಂಟೆ.

ಮೊದಲ ಒದೆತಕ್ಕೆ ಹೆಗಲ ತನಕ ಜುಮ್ಮೆಂದಿತು.
ಎರಡೂವರೆ, ಅಂದಳು.
ಮತ್ತೆ. ಐದು.
ಏಳೂವರೆ. ಹತ್ತು.
ಹಿಂದೆ ಹೆಜ್ಜೆ ಇಡುತ್ತ ಇಡುತ್ತ ನನ್ನ ಕಾಲು ಕಾಫಿಗೆ ತಾಗಿತು.
ದಿನಕ್ಕೆ ಎರಡು ಚೀಲ, ಡಿಸೆಂಬರಿನಿಂದ ಫೆಬ್ರವರಿ,
ಏಳು ವರ್ಷ.
ಲೆಕ್ಕ ಮುಗಿಯುವ ಮೊದಲೇ ಟಾರ್ಚ್ ಆರಿತು.

ಬೆಳಿಗ್ಗೆ ಸ್ಟಿಯರಿಂಗ್ ಹಿಡಿಯಲಾಗದಷ್ಟು ಅಂಗೈ ಊದಿತ್ತು.
ಸಂಜೆ ಕಾಟಾದ ಮುಂದೆ ಹೆಂಗಸರ ಸಾಲು,
ಚೋಮಿಯ ಪಕ್ಕ ಮಗಳು, ಸ್ಕೂಲ್ ಯೂನಿಫಾರ್ಮಿನಲ್ಲೇ.
ಚೀಲಕ್ಕಿಂತ ಮೊದಲು ತಾನೇ ಹತ್ತಿ ನಿಂತಳು.
ಮುಳ್ಳು ನಡುಗಿ ನಿಂತಿತು: ನಲವತ್ತೊಂದೂವರೆ.
ಪಂದ್ಯದ ಚೀಟಿಯನ್ನು, ನೀಲಿ ಸೀಲು ಮೇಲೆ ಮಾಡಿ,
ರೈಟರನ ಲೆಜ್ಜರಿನ ಮೇಲಿಟ್ಟಳು.

ರೈಟರ್ ಚೀಟಿ ನೋಡಲಿಲ್ಲ,
ನನ್ನ ಕಡೆ ನೋಡಿದ.

ಹಲ್ಲಿನ ಗಾರ್ಡ್ ಉಗಿದವನ ಹಾಗೆ
ನಾನು ಬಾಯಿ ತೆರೆದೆ.