ಮೂರನೆಯ ಔನ್ಸ್

ಆಹಾರ ಇಲಾಖೆಯ ಮಹನೀಯರೇ,
ನಿಮ್ಮ ಕರಪತ್ರ ತಲುಪಿತು.
ಹ್ಯಾಲಿಫ್ಯಾಕ್ಸಿನಲ್ಲಿ ನಲ್ಲಿಯ ನೀರೂ ಕಲ್ಲಾಗಿದೆ,
ಹೊಸ್ತಿಲಾಚೆ ಮೊಣಕಾಲುದ್ದ ಹಿಮ,
ಆದರೂ ಅಂಚೆಯವನು ಬಂದ. ಅವನಿಗೆ ಚಹಾ ಕೊಡಲಾಗಲಿಲ್ಲ;
ಕಾರಣ ನಿಮಗೆ ಗೊತ್ತು.

ಆಲೂಗಡ್ಡೆಯ ಸಿಪ್ಪೆ ಸುಲಿಯಬೇಡಿ ಎಂದಿದ್ದೀರಿ.
ಹುಟ್ಟಿದಾಗಿಂದ ನಾನು ಸುಲಿದವಳಲ್ಲ.
ಮೊಟ್ಟೆಪುಡಿಗೆ ಎರಡು ಚಮಚ ನೀರು, ಗಂಟಾಗದಂತೆ.
ಏನನ್ನೂ ಹಾಳು ಮಾಡಬೇಡಿ.
ಒಲೆ ಹೊತ್ತಿಸಿದರೆ ಒಂದೇ ಉರಿಯಲ್ಲಿ ಮೂರು ಅಡುಗೆ.
ಚಿತ್ರದಲ್ಲಿ ಏಪ್ರನ್ ತೊಟ್ಟ ಹೆಂಗಸು ನಗುತ್ತಿದ್ದಾಳೆ,
ಅವಳ ಬೆರಳಿಗೆ ಚಳಿಹುಣ್ಣಿಲ್ಲ.
ಎಲ್ಲ ಸರಿ. ಒಂದನ್ನು ಮಾತ್ರ
ಹಿಂದೆ ಮುಂದೆ ತಿರುಗಿಸಿ ಹುಡುಕಿದೆ, ಸಿಗಲಿಲ್ಲ:
ಗುರುವಾರ ಸತ್ತವರ
ಶನಿವಾರದ ರೇಷನ್ನು ಯಾರದು?

ಅಮ್ಮ ಹೋದದ್ದು ಗುರುವಾರ, ಬೆಳಗಿನ ಜಾವ.
ಹೆಫ್ಸಿಬಾ ಸಟ್‌ಕ್ಲಿಫ್, ಎಪ್ಪತ್ತಾರು ತುಂಬಿತ್ತು.
ನಲವತ್ತು ವರ್ಷ ಗಿರಣಿಯ ಮಗ್ಗದ ಮುಂದೆ ನಿಂತು
ಕಿವಿ ಅಲ್ಲೇ ಬಿಟ್ಟು ಬಂದವಳು,
ತುಟಿ ನೋಡಿ ಮಾತು ಹಿಡಿಯುತ್ತಿದ್ದಳು.
ರೇಡಿಯೋದಲ್ಲಿ ಅಡುಗೆ ಹೇಳುವವರಿಗೆ ತುಟಿಯಿಲ್ಲವಲ್ಲ,
ನಿಮ್ಮ ಉಪದೇಶ ಅವಳನ್ನು ಎಂದೂ ಮುಟ್ಟಲಿಲ್ಲ.

ಋಣ ತೀರಿತು ಅಂದರು ಪಕ್ಕದ ಮನೆಯ ಮಿಸೆಸ್ ಗ್ರೀನ್‌ವುಡ್.
ಡ್ರಾಯರ್ ಎಳೆದು ಅವಳ ಪುಸ್ತಕ ತೆರೆದೆ.
ತೀರಿರಲಿಲ್ಲ.
ಬೆಣ್ಣೆ ಬಾಕಿ, ಸಕ್ಕರೆ ಬಾಕಿ,
ಎಪ್ಪತ್ತು ದಾಟಿದವರಿಗೆಂದು ನೀವೇ ಕೊಟ್ಟ
ಚಹಾದ ಮೂರನೆಯ ಔನ್ಸ್ ಬಾಕಿ.

ಸಾವು ಬರೆಸುವ ಕಚೇರಿ ಶುಕ್ರವಾರ ತೆರೆದಿತ್ತು.
ಬರೆಸಿದರೆ ಪುಸ್ತಕ ಅಲ್ಲೇ ಒಪ್ಪಿಸಬೇಕು, ಅದೂ ಗೊತ್ತಿತ್ತು.
ಈ ಹಿಮದಲ್ಲಿ ಬಸ್ಸೆಲ್ಲಿ ಅಂದುಕೊಂಡೆ.
ಬಸ್ಸು ಕಿಟಕಿಯ ಮುಂದೆಯೇ ಹಾದುಹೋಯಿತು.

ಶನಿವಾರ ಆಕ್ರಾಯ್ಡನ ಅಂಗಡಿ. ಸಾಲು ಮೂಲೆ ತಿರುಗಿತ್ತು.
ಎರಡು ಪುಸ್ತಕ ಇಟ್ಟೆ.
ಹಗಲಲ್ಲಿ ಪರದೆ ಎಳೆದ ಮನೆಗೆ ನಮ್ಮಲ್ಲಿ ಅರ್ಥ ಒಂದೇ;
ಅವನು ದಿನಾ ಬೆಳಿಗ್ಗೆ ನಮ್ಮ ಬೀದಿಯಲ್ಲೇ ನಡೆದು ಬರುವವನು.
“ಅಮ್ಮ ಹೇಗಿದ್ದಾರೆ?” ಅಂದ.
“ಸದ್ದಿಲ್ಲ” ಅಂದೆ.
ಪೆನ್ಸಿಲಿನ ಮೊನೆ ನೆಕ್ಕಿದ.
ಬೆನ್ನ ಹಿಂದಿನ ಬುಟ್ಟಿಗಳೆಲ್ಲ ಉಸಿರು ಹಿಡಿದವೋ,
ನನಗೇ ಹಾಗನ್ನಿಸಿತೋ.
ಆಮೇಲೆ ಚೌಕಕ್ಕೆ ಗೀಟು ಎಳೆದ,
ಚಹಾ ತೂಗಿದ,
ತಕ್ಕಡಿಯ ಮುಳ್ಳು ನಿಂತ ಮೇಲೂ ಒಂದು ಚಿಟಿಕೆ ಉದುರಿಸಿದ.
“ಅವರಿಗೆ ಕಡು ಚಹಾ ಇಷ್ಟ, ಅಲ್ಲವೇ.”

ಮಂಗಳವಾರ ಬರೆಸಿದೆ.
ನೆಲ ಅಗೆಯಲು ಇಬ್ಬರಿಗೆ ಎರಡು ದಿನ ಹಿಡಿಯಿತು.
ಹೂಳಿ ಬಂದ ಹನ್ನೊಂದು ಜನ
ಕೋಟು ಬಿಚ್ಚದೆ ಮುಂಗೋಣೆಯಲ್ಲಿ ಕೂತರು.
ಎಲ್ಲರಿಗೂ ಚಹಾ, ಎರಡನೆಯ ಸಲ ಕುದಿಸಿದ ಎಲೆಯದಲ್ಲ.
ಬ್ರೆಡ್ಡಿಗೆ ಹಚ್ಚಿ ಮತ್ತೆ ಕೆರೆದು ತೆಗೆಯದ ಬೆಣ್ಣೆ.
ಎಲ್ಲಿಂದ ಎಂದು ಒಬ್ಬರೂ ಕೇಳಲಿಲ್ಲ.
ಗಿರಣಿಯ ಹಳೆಯ ಗೆಳತಿ ಲವಿನಿಯಾ ಮಾತ್ರ
ಕಪ್ಪಿನಾಚೆಯಿಂದ ತುಟಿಯಾಡಿಸಿದಳು,
ಮಗ್ಗಗಳ ಗದ್ದಲದೊಳಗೆ ಆಡುವ ಹಾಗೆ, ದನಿಯಿಲ್ಲದೆ:
ಅವಳದೇ?
ತಲೆಯಾಡಿಸಿದೆ.
ಇನ್ನೊಂದು ಕಪ್ಪು ಕೇಳಿ ಇಸಿದುಕೊಂಡಳು.

ಮಹನೀಯರೇ, ಪುಸ್ತಕ ಒಪ್ಪಿಸಿದ್ದಕ್ಕೆ ರಸೀದಿ ಇದೆ.
ಇದನ್ನು ನಿಮ್ಮ ಕರಪತ್ರದ ಬೆನ್ನಿಗೇ ಬರೆದಿದ್ದೇನೆ,
ಹಾಳು ಮಾಡಬೇಡಿ ಎಂದವರು ನೀವೇ ತಾನೆ.
ಟಪಾಲಿಗೆ ಹಾಕುವುದಿಲ್ಲ. ಆಕ್ರಾಯ್ಡನ ಹೆಸರಿದೆ,
ಬೆಳಿಗ್ಗೆ ಒಲೆ ಹೊತ್ತಿಸಲು ಕಾಗದವೂ ಬೇಕು.
ಒಂದೇ ಉರಿಯಲ್ಲಿ ಮೂರು ಅಡುಗೆಯಂತೆ.
ನನಗೆ ಒಂದು ಸಾಕು.